ಹಳೆಯ ಸದ್ದು, ಹೊಸ ನಡೆ: ಇತ್ತೀಚಿನ ಜಾಜ್ ಮತ್ತು ಗ್ರೂವ್ ಆಲ್ಬಂಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಜಾಜ್ ಕೇಳಬೇಕೆಂದು ಹೊರಟವರ ಕೈಗೆ ಮೊದಲು ಸಿಗುವುದು ಸಾಮಾನ್ಯವಾಗಿ 1950 ಮತ್ತು 60ರ ದಶಕಗಳ ನಾಲ್ಕೈದು ಆಲ್ಬಂಗಳು. ಅವುಗಳ ಹಿರಿಮೆಯಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದವರಿಗೆ ಜಾಜ್ ಎಂದರೆ ಗಾಜಿನ ಕಪಾಟಿನಲ್ಲಿಟ್ಟು ನೋಡುವ ವಸ್ತು ಎಂಬ ಭಾವನೆ ಬಂದುಬಿಡುತ್ತದೆ. ಕಳೆದ ಹತ್ತು ವರ್ಷಗಳಲ್ಲಿ ಲಂಡನ್, ಷಿಕಾಗೊ, ಲಾಸ್ ಏಂಜಲೀಸ್, ಮೆಲ್ಬರ್ನ್ ಮತ್ತು ಹ್ಯೂಸ್ಟನ್ ನಗರಗಳಿಂದ ಬಂದಿರುವ ಆಲ್ಬಂಗಳನ್ನು ಕೇಳಿದರೆ ಆ ಕಪಾಟಿನ ಬಾಗಿಲು ತೆರೆದು ಬಹಳ ಕಾಲವಾಗಿದೆ ಎಂದು ತಿಳಿಯುತ್ತದೆ. ತೊಂದರೆ ಇರುವುದು ಬೇರೆ ಕಡೆ. ಸಂಗೀತದ ಆ್ಯಪ್‌ಗಳು ಇವೆಲ್ಲವನ್ನೂ ಒಂದೇ ಪಟ್ಟಿಯಲ್ಲಿ ಸುರಿಯುತ್ತವೆ. ಟವೆಲ್ ಹೊದಿಸಿದ ಡ್ರಮ್ಮು, ದಪ್ಪ ಬೇಸ್ ಗಿಟಾರು, ಆಗೊಮ್ಮೆ ಈಗೊಮ್ಮೆ ಒಂದು ಸ್ಯಾಕ್ಸೊಫೋನ್: ಮೂರು ಹಾಡು ಕಳೆಯುವಷ್ಟರಲ್ಲಿ ಯಾರು ಯಾರೆಂದು ತಿಳಿಯದೆ ಕಿವಿ ಸೋಲುತ್ತದೆ, ಎಲ್ಲವೂ ಕಾಫಿ ಅಂಗಡಿಯ ಹಿನ್ನೆಲೆ ಸದ್ದಿನಂತೆ ಕೇಳತೊಡಗುತ್ತದೆ.

ಆದ್ದರಿಂದ ಆಲ್ಬಂ ಆರಿಸುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಮೊದಲನೆಯದು, ಈ ಆಲ್ಬಮ್ಮಿನಲ್ಲಿ ಹಳತು ಇರುವುದು ಎಲ್ಲಿ? ಸದ್ದಿನಲ್ಲೋ, ನುಡಿಸುವ ಭಾಷೆಯಲ್ಲೋ? ಕೆಲವರು 1968 ಅಥವಾ 1973ರ ಸ್ಟುಡಿಯೊದ ವಾತಾವರಣವನ್ನೇ ಮತ್ತೆ ಕಟ್ಟುತ್ತಾರೆ. ಮೈಕು, ಟೇಪು, ಡ್ರಮ್ಮಿನ ಬಿಗಿತ ಎಲ್ಲವೂ ಆ ಕಾಲದ್ದೇ ಆಗಿರುತ್ತದೆ. ಇನ್ನು ಕೆಲವರು ಹಿರಿಯರಿಂದ ಕಲಿತ ಮನೋಧರ್ಮದ ಪದ್ಧತಿಯನ್ನು ಹಿಡಿದುಕೊಂಡು ಅದನ್ನು ಇಂದಿನ ಕುಣಿತದ ಲಯಗಳ ಮೇಲೆ ನಡೆಸುತ್ತಾರೆ. ಎರಡನೆಯ ಪ್ರಶ್ನೆ, ಬೇಸ್ ಏನು ಮಾಡುತ್ತಿದೆ? ಗ್ರೂವ್ ಎಂದು ನಾವು ಕರೆಯುವುದು ಬೇಸ್ ಮತ್ತು ಡ್ರಮ್ಮುಗಳು ಸೇರಿ ಹಿಡಿಯುವ ನಡೆಯನ್ನು. ಬೇಸ್ ಒಂದೇ ಸಾಲನ್ನು ಸುತ್ತುತ್ತಿದ್ದರೆ ಆ ಆಲ್ಬಂ ನಿಮ್ಮ ಮೈಯನ್ನು ಕೇಳುತ್ತಿದೆ. ಬೇಸ್ ಅಲೆದಾಡುತ್ತಿದ್ದರೆ ನಿಮ್ಮ ಗಮನವನ್ನು ಕೇಳುತ್ತಿದೆ. ಯಾವ ಹೊತ್ತಿನಲ್ಲಿ ಎರಡರಲ್ಲಿ ಯಾವುದನ್ನು ಕೊಡಬಲ್ಲಿರಿ ಎಂಬುದರ ಮೇಲೆ ಆಯ್ಕೆ ನಿಂತಿದೆ.

ಸದ್ದಿನಲ್ಲೇ ಹಳತು ಇರುವ ಆಲ್ಬಂಗಳು

ಅಮೆರಿಕದ ಕಪ್ಪು ಸಮುದಾಯದಿಂದ ಬಂದ ಹಳೆಯ ಸೋಲ್ ಮತ್ತು ಫಂಕ್ ಸಂಗೀತದ ಸದ್ದನ್ನು ಶ್ರದ್ಧೆಯಿಂದ ಮರುಕಟ್ಟಿದವರಲ್ಲಿ ಮೊದಲು ನೆನೆಯಬೇಕಾದದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಡ್ಯಾಪ್ಟೋನ್ ಸಂಸ್ಥೆಯನ್ನು. ಶರಾನ್ ಜೋನ್ಸ್ ಮತ್ತು ಚಾರ್ಲ್ಸ್ ಬ್ರ್ಯಾಡ್ಲಿ, ನಡುವಯಸ್ಸು ದಾಟಿದ ಮೇಲೆ ಜನರ ಕಿವಿಗೆ ಬಿದ್ದ ಈ ಇಬ್ಬರು ಗಾಯಕರ ಆಲ್ಬಂಗಳು ಅಲ್ಲಿಂದಲೇ ಹೊರಬಂದವು. ಜೋನ್ಸ್ 2016ರಲ್ಲಿ, ಬ್ರ್ಯಾಡ್ಲಿ 2017ರಲ್ಲಿ ತೀರಿಕೊಂಡರು. ಈ ಸಂಸ್ಥೆಯ ಹೆಸರು ಕೇಳದವರಿಗೂ ಅದರ ಸದ್ದು ಪರಿಚಿತ: 2006ರಲ್ಲಿ ಬ್ರಿಟನ್ನಿನ ಗಾಯಕಿ ಏಮಿ ವೈನ್‌ಹೌಸ್‌ಗೆ ಜಗತ್ತಿನಾದ್ಯಂತ ಹೆಸರು ತಂದ ಆಲ್ಬಮ್ಮಿನ ಹಲವು ಹಾಡುಗಳಿಗೆ ನುಡಿಸಿದವರು ಜೋನ್ಸ್ ಅವರ ವಾದ್ಯವೃಂದವಾದ ಡ್ಯಾಪ್ ಕಿಂಗ್ಸ್.

ಈ ಸದ್ದು ಹುಟ್ಟುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಡ್ರಮ್ಮಿನ ಮುಖದ ಮೇಲೆ ಒಂದು ಟವೆಲ್ ಹಾಸಿದರೆ ಪೆಟ್ಟಿನ ನಂತರದ ಅನುರಣನ ಕೂಡಲೇ ಅಡಗುತ್ತದೆ; ‘ಢಂ’ ಎನ್ನಬೇಕಾದದ್ದು ‘ಢಪ್’ ಎನ್ನುತ್ತದೆ. ಹೀಗೆ ಮೊಟಕಾದ ಪೆಟ್ಟುಗಳ ನಡುವೆ ಉಳಿಯುವ ಖಾಲಿ ಜಾಗದಲ್ಲಿ ಬೇಸಿನ ಸಾಲು ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಹತ್ತಾರು ಮೈಕುಗಳ ಬದಲು ಎರಡು ಮೂರೇ ಮೈಕು ಇಟ್ಟರೆ ಒಬ್ಬರ ಸದ್ದು ಇನ್ನೊಬ್ಬರ ಮೈಕಿಗೆ ಸೋರಿ ಎಲ್ಲರೂ ಒಂದೇ ಕೋಣೆಯಲ್ಲಿ ಕುಳಿತಂತೆ ಕೇಳುತ್ತದೆ. ಟೇಪಿನ ಮೇಲೆ ತುಸು ಹೆಚ್ಚಿನ ಮಟ್ಟದಲ್ಲಿ ಮುದ್ರಿಸಿದಾಗ ತುತ್ತೂರಿ ಮತ್ತು ಧ್ವನಿಗಳ ಚೂಪು ತುದಿಗಳು ಸವೆದು ದುಂಡಗಾಗುತ್ತವೆ. ಇವಿಷ್ಟನ್ನೂ ಇಂದು ಕಂಪ್ಯೂಟರಿನಲ್ಲಿ ಅನುಕರಿಸಬಹುದು, ಅನುಕರಿಸುತ್ತಲೂ ಇದ್ದಾರೆ. ಆದರೆ ಕೋಣೆಯೊಳಗಿನ ಸೋರಿಕೆಯನ್ನು ಅನುಕರಿಸುವುದು ಕಷ್ಟ. ಹೀಗಾಗಿ ರೆಟ್ರೊ, ಅಂದರೆ ಹಳೆಯ ಶೈಲಿಯದು, ಎಂಬ ಹಣೆಪಟ್ಟಿಯ ಆಲ್ಬಂ ನಿಮ್ಮನ್ನು ಹತ್ತು ನಿಮಿಷದಲ್ಲೇ ಬೇಸರಗೊಳಿಸಿದರೆ, ತಪ್ಪು ನಿಮ್ಮದಲ್ಲದಿರಬಹುದು; ಅಲ್ಲಿ ಟವೆಲ್ ಮಾತ್ರ ಇದೆ, ಕೋಣೆ ಇಲ್ಲ.

ಇಂಥ ಆಲ್ಬಂಗಳಲ್ಲಿ ಹಾಡುಗಾರಿಕೆ ಬೇಕೆನ್ನುವವರು ಸ್ಯಾನ್ ಡಿಯಾಗೊದ ದೀ ಸೇಕ್ರೆಡ್ ಸೋಲ್ಸ್ ಎಂಬ ತಂಡವನ್ನು ಆರಿಸಿಕೊಳ್ಳಲಿ. ಡ್ಯಾಪ್ಟೋನಿನ ಕ್ಯಾಲಿಫೋರ್ನಿಯಾ ಶಾಖೆಯಾದ ಪೆನ್‌ರೋಸ್‌ನಿಂದ 2022ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿಗೆ ತಂಡದ ಹೆಸರೇ ಇದೆ. ಎರಡನೆಯದಾದ ‘ಗಾಟ್ ಎ ಸ್ಟೋರಿ ಟು ಟೆಲ್’ 2024ರಲ್ಲಿ ಬಂತು. ನನ್ನ ಒಲವು ಮೊದಲನೆಯದರ ಕಡೆಗೆ. ಎರಡನೆಯದರಲ್ಲಿ ಕಸುಬು ಹೆಚ್ಚು ನಯವಾಗಿದೆ. ಆ ನಯದಲ್ಲೇ ಮೊದಲಿನ ಹಿಂಜರಿಕೆಯ ಸೊಗಸು ಸ್ವಲ್ಪ ಕರಗಿದೆ. ತಂಡದ ಗಾಯಕ ಜೋಷ್ ಲೇನ್ ಅವರ ಧ್ವನಿ ಎತ್ತರದ ಸ್ಥಾಯಿಯಲ್ಲಿ ಮೆಲ್ಲಗೆ ತೇಲುವಂಥದ್ದು, ಏರು ಧ್ವನಿಯ ಸೋಲ್ ಗಾಯನವನ್ನು ನಿರೀಕ್ಷಿಸಿ ಕುಳಿತವರಿಗೆ ಸಪ್ಪೆ ಎನಿಸಬಹುದು. ಹಾಡುಗಾರಿಕೆ ಬೇಡ, ಓದುವಾಗ ಅಥವಾ ಕೆಲಸ ಮಾಡುವಾಗ ಕೇಳಲು ಬೇಕು ಎನ್ನುವವರಿಗೆ ಮೆಲ್ಬರ್ನಿನ ಸರ್ಪ್ರೈಸ್ ಶೆಫ್ ತಂಡವಿದೆ. 1970ರ ದಶಕದ ಸಿನಿಮಾ ಹಿನ್ನೆಲೆ ಸಂಗೀತದ ಒಣಗಿದ, ಬಿಗಿಯಾದ ಸದ್ದನ್ನು ಇವರಷ್ಟು ಚೊಕ್ಕವಾಗಿ ಹಿಡಿದವರು ಕಡಿಮೆ. 2022ರ ‘ಎಜುಕೇಷನ್ ಅಂಡ್ ರಿಕ್ರಿಯೇಷನ್’ ಮತ್ತು 2025ರ ‘ಸೂಪರ್ಬ್’ ಇವೆರಡರಲ್ಲಿ ಎರಡನೆಯದು ಹೆಚ್ಚು ಲವಲವಿಕೆಯದು.

ಆದರೆ ಈ ಗುಂಪಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಕ್ರುವಾಂಗ್‌ಬಿನ್ ಎಂಬ ಮೂವರ ತಂಡದ ಬಳಿ. ಹೆಸರು ಥಾಯ್ ಭಾಷೆಯದು, ಅರ್ಥ ವಿಮಾನ. ತಂಡದ ಊರು ಮಾತ್ರ ಟೆಕ್ಸಸ್‌ನ ಹ್ಯೂಸ್ಟನ್. ಗಿಟಾರ್ ನುಡಿಸುವ ಮಾರ್ಕ್ ಸ್ಪಿಯರ್ ಮತ್ತು ಡ್ರಮ್ ನುಡಿಸುವ ಡೊನಾಲ್ಡ್ ಜಾನ್ಸನ್ ಹ್ಯೂಸ್ಟನ್ನಿನ ಒಂದು ಚರ್ಚಿನ ಗಾಸ್ಪೆಲ್ ವಾದ್ಯವೃಂದದಲ್ಲಿ ಜೊತೆಗೆ ನುಡಿಸುತ್ತಿದ್ದವರು. ಬೇಸ್ ನುಡಿಸುವ ಲಾರಾ ಲೀ ಆಮೇಲೆ ಕೂಡಿಕೊಂಡವರು. 1960–70ರ ದಶಕಗಳ ಥಾಯ್ ಫಂಕ್ ಸಂಗೀತ ಇವರ ಮೊದಲ ಪ್ರೇರಣೆ. ಬರ್ಟನ್ ಎಂಬ ಸಣ್ಣ ಊರಿನ ದನದ ಕೊಟ್ಟಿಗೆಯಂಥ ಕಟ್ಟಡವೇ ಇವರ ಧ್ವನಿಮುದ್ರಣದ ಜಾಗವಾಯಿತು. ಇವರ ಸಂಗೀತದಲ್ಲಿ ಡ್ರಮ್ ಅಲುಗುವುದಿಲ್ಲ, ಬೇಸ್ ಹಾಡುತ್ತದೆ, ಗಿಟಾರ್ ಮಾತಾಡುತ್ತದೆ.

2018ರ ‘ಕೋನ್ ತೋದೊ ಎಲ್ ಮುಂದೊ’, 2020ರ ‘ಮಾರ್ಡಕಾಯ್’ ಮತ್ತು 2024ರ ‘ಆ ಲಾ ಸಾಲಾ’ ಈ ಮೂರರಲ್ಲಿ ಯಾವುದರಿಂದ ಆರಂಭಿಸಬೇಕು ಎಂದು ಹಲವರು ಕೇಳುತ್ತಾರೆ. ಮಾರ್ಡಕಾಯ್‌ನಲ್ಲಿ ಹಾಡುಗಾರಿಕೆ ಹೆಚ್ಚು, ಕುಣಿತಕ್ಕೂ ಒಗ್ಗುತ್ತದೆ; ಆದರೆ ತಂಡದ ನಿಜವಾದ ಬಲವಿರುವುದು ಮೌನದಲ್ಲಿ. ಮೊದಲ ಬಾರಿ ಕೇಳುವವರಿಗೆ 2018ರದ್ದು ಸರಿಯಾದ ಬಾಗಿಲು. ‘ಆ ಲಾ ಸಾಲಾ’ ಎಂದರೆ ಸ್ಪ್ಯಾನಿಷ್‌ನಲ್ಲಿ ಪಡಸಾಲೆಗೆ ಬನ್ನಿ ಎಂಬಂಥ ಕರೆ. ಲಾರಾ ಲೀ ಚಿಕ್ಕಂದಿನಲ್ಲಿ ಮನೆಯವರನ್ನೆಲ್ಲ ಒಟ್ಟುಗೂಡಿಸಲು ಹೀಗೆ ಕೂಗುತ್ತಿದ್ದರಂತೆ. ಹೆಸರಿಗೆ ತಕ್ಕಂತೆ ಅದು ಮನೆಯೊಳಗಿನ ಆಲ್ಬಂ. ಅದನ್ನು ನಾನು ಮೊದಲು ಕೇಳಿದ್ದು ಅಡುಗೆಮನೆಯಲ್ಲಿ, ಒಗ್ಗರಣೆಯ ಸದ್ದಿನ ನಡುವೆ, ಫೋನನ್ನು ಡಬ್ಬಿಗೆ ಒರಗಿಸಿಟ್ಟುಕೊಂಡು. ಏನೂ ಇಲ್ಲದ ಆಲ್ಬಂ ಎಂದು ತೀರ್ಮಾನಿಸಿಬಿಟ್ಟೆ. ವಾರದ ನಂತರ ರಾತ್ರಿ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದಾಗ ಅರ್ಧ ಸಂಗೀತವನ್ನೇ ಕೇಳಿರಲಿಲ್ಲವೆಂದು ಗೊತ್ತಾಯಿತು. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿಯ ಶ್ರುತಿ ಸುಮಾರು 41 ಹರ್ಟ್ಸ್. ಅಂಗೈಯಗಲದ ಫೋನಿನ ಸ್ಪೀಕರಿಗೆ ಅಷ್ಟು ತಗ್ಗಿನ ನಾದವನ್ನು ಹೊರಡಿಸುವ ಶಕ್ತಿಯೇ ಇಲ್ಲ. ಮೃದಂಗದ ಎಡಮುಖವನ್ನು ತೆಗೆದುಬಿಟ್ಟು ಕಚೇರಿ ಕೇಳಿದಂತಾಗಿತ್ತು ನನ್ನ ಪಾಡು.

ನಮ್ಮ ಸಿನಿಮಾ ಹಾಡಿನ ನೆರಳು ಬಿದ್ದ ಎರಡು

ಎಪ್ಪತ್ತರ ದಶಕದ ಕನ್ನಡ ಚಿತ್ರಗೀತೆಗಳನ್ನು ಕೇಳುತ್ತ ಬೆಳೆದವರಿಗೆ ಗ್ರೂವ್ ಹೊಸದೇನಲ್ಲ. ಮದ್ರಾಸಿನ ಸ್ಟುಡಿಯೊಗಳಲ್ಲಿ ಹತ್ತಾರು ವಾದ್ಯಗಾರರು ಒಟ್ಟಿಗೆ ಕುಳಿತು ನುಡಿಸಿದ ಆ ಹಾಡುಗಳಲ್ಲಿ, ಅದರಲ್ಲೂ ರಾಜನ್–ನಾಗೇಂದ್ರರ ಸಂಯೋಜನೆಗಳಲ್ಲಿ, ಬೇಸ್ ಗಿಟಾರು ಮತ್ತು ಬೋಂಗೊಗಳು ಹಿಡಿಯುತ್ತಿದ್ದ ನಡೆಯನ್ನು ಇಂದು ಬೇರ್ಪಡಿಸಿ ಕೇಳಿದರೆ ಅದು ಯಾವ ಫಂಕ್ ಆಲ್ಬಮ್ಮಿಗೂ ಸಾಟಿಯಾದೀತು. ಆದ್ದರಿಂದ ಈ ಕಿವಿಗೆ ಬೇಗ ಹತ್ತುವ ಎರಡು ಆಲ್ಬಂಗಳನ್ನು ಜೊತೆಗಿಟ್ಟು ನೋಡುವುದು ಉಪಯುಕ್ತ.

ಒಂದು, ನ್ಯೂಯಾರ್ಕಿನ ಲಿಯಾನ್ ಮಿಶೆಲ್ಸ್ ನಡೆಸುವ ಎಲ್ ಮಿಶೆಲ್ಸ್ ಅಫೇರ್ ತಂಡದ ‘ಯೇಟಿ ಸೀಸನ್’ (2021). ಟರ್ಕಿಯ ಫಂಕ್ ಮತ್ತು ಹಿಂದಿ ಚಿತ್ರಸಂಗೀತ ಎರಡರ ಬಣ್ಣವನ್ನೂ ಬೆರೆಸಿದ ಈ ಆಲ್ಬಮ್ಮಿನಲ್ಲಿ ಪಿಯಾ ಮಲಿಕ್ ಅವರು ಹಿಂದಿಯಲ್ಲಿ ಹಾಡಿದ ಹಾಡುಗಳಿವೆ. ಇನ್ನೊಂದು, ಮೆಲ್ಬರ್ನಿನ ಗ್ಲಾಸ್ ಬೀಮ್ಸ್ ತಂಡದ ‘ಮಹಲ್’ (2024). ಮುಖವಾಡ ಧರಿಸಿ ನುಡಿಸುವ ಈ ಮೂವರ ತಂಡವನ್ನು ಕಟ್ಟಿದ ರಾಜನ್ ಸಿಲ್ವ ಅವರ ತಂದೆ ಭಾರತದಲ್ಲಿ ಹುಟ್ಟಿದವರು. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ನೆನಪಿಗಾಗಿ 2002ರಲ್ಲಿ ಲಂಡನ್ನಿನಲ್ಲಿ ನಡೆದ ಕಚೇರಿಯ ಡಿವಿಡಿಯನ್ನು ತಂದೆಯೊಡನೆ ನೋಡಿದ ನೆನಪೇ ತಂಡದ ಬೀಜ ಎಂದು ಅವರು ಹೇಳಿಕೊಂಡಿದ್ದಾರೆ. ‘ಮಹಲ್’ನಲ್ಲಿ ಇರುವುದು ಐದೇ ಕೃತಿಗಳು, ಅರ್ಧ ಗಂಟೆಯೂ ಇಲ್ಲ.

ಎರಡರ ನಡುವೆ ನನ್ನ ಆಯ್ಕೆ ಸ್ಪಷ್ಟ: ‘ಯೇಟಿ ಸೀಸನ್’. ‘ಮಹಲ್’ ಸುಂದರವಾದ ವಸ್ತು, ಅದರ ಮೇಲ್ಮೈಯಲ್ಲಿ ಒಂದು ಗೀರೂ ಇಲ್ಲ. ಗಿಟಾರಿನ ಸುರುಳಿಗಳು ಸಿತಾರಿನ ನೆನಪು ತರುತ್ತವೆ, ಪದಗಳಿಲ್ಲದ ಗುನುಗು ಹಿತವಾಗಿದೆ. ಆದರೆ ಅದು ಒಂದೇ ಭಂಗಿಯಲ್ಲಿ ನಿಂತ ಚಿತ್ರ. ‘ಯೇಟಿ ಸೀಸನ್’ ಒರಟು, ಕೆಲವೆಡೆ ಹಾಸ್ಯಾಸ್ಪದ ಎನ್ನುವಷ್ಟು ಹಿಂದಿ ಸಿನಿಮಾದ್ದೇ ಮೂಡು ಹಿಡಿಯುತ್ತದೆ. ಆದರೆ ಅಲ್ಲಿ ತುತ್ತೂರಿಗಳು ಉಸಿರು ತೆಗೆದುಕೊಳ್ಳುವುದು ಕೇಳುತ್ತದೆ. ಪ್ರಯಾಣಕ್ಕೆ, ಬಸ್ಸಿನ ಕಿಟಕಿಯ ಪಕ್ಕಕ್ಕೆ ‘ಮಹಲ್’ ಸಾಕು. ಮತ್ತೆ ಮತ್ತೆ ಕೇಳಲು ಇನ್ನೊಂದು.

ಲಂಡನ್: ಕುಣಿತ, ವೈಭವ, ಗಾಂಭೀರ್ಯ

ಲಂಡನ್ನಿನ ಹೊಸ ಜಾಜ್ ಬಗ್ಗೆ ಮಾತಾಡುವಾಗ ಟುಮಾರೋಸ್ ವಾರಿಯರ್ಸ್ ಎಂಬ ಸಂಸ್ಥೆಯನ್ನು ಬಿಡುವಂತಿಲ್ಲ. ಬೇಸ್ ವಾದಕ ಗ್ಯಾರಿ ಕ್ರಾಸ್ಬಿ ಮತ್ತು ಜನೀನ್ ಐರನ್ಸ್ 1991ರಲ್ಲಿ ಆರಂಭಿಸಿದ ಈ ಸಂಸ್ಥೆ ಎಳೆಯರಿಗೆ, ಮುಖ್ಯವಾಗಿ ಕಪ್ಪು ಸಮುದಾಯದ ಮಕ್ಕಳಿಗೆ ಮತ್ತು ಹೆಣ್ಣುಮಕ್ಕಳಿಗೆ, ಜಾಜ್ ಕಲಿಸುತ್ತ ಬಂದಿದೆ. ಎಜ್ರಾ ಕಲೆಕ್ಟಿವ್ ತಂಡದವರು, ನುಬಾಯಾ ಗಾರ್ಸಿಯಾ ಮುಂತಾದವರು ಅಲ್ಲಿ ಪಳಗಿದವರು. ಇವರು ಜಾಜ್ ಕಲಿತದ್ದು ಒಟ್ಟಿಗೆ ಕುಳಿತು, ಒಬ್ಬರ ತಪ್ಪನ್ನು ಒಬ್ಬರು ಕೇಳುತ್ತ; ಆ ಒಡನಾಟ ಅವರ ಆಲ್ಬಂಗಳಲ್ಲಿ ಇಂದಿಗೂ ಕೇಳಿಸುತ್ತದೆ.

ಎಜ್ರಾ ಕಲೆಕ್ಟಿವ್ ತಂಡದಲ್ಲಿ ಐವರಿದ್ದಾರೆ; ಡ್ರಮ್ ನುಡಿಸುವ ಫೆಮಿ ಮತ್ತು ಬೇಸ್ ನುಡಿಸುವ ಟಿ.ಜೆ. ಕೊಲೆಯೊಸೊ ಅಣ್ಣತಮ್ಮಂದಿರು. ಅವರ ‘ವೇರ್ ಐಯಾಮ್ ಮೆಂಟ್ ಟು ಬಿ’ (2022) ಆಲ್ಬಮ್ಮಿಗೆ 2023ರಲ್ಲಿ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಬಂತು; 1992ರಿಂದ ಕೊಡುತ್ತಿರುವ ಆ ಪ್ರಶಸ್ತಿ ಜಾಜ್ ತಂಡವೊಂದಕ್ಕೆ ಸಿಕ್ಕಿದ್ದು ಅದೇ ಮೊದಲು. ಮುಂದಿನ ಆಲ್ಬಂ ‘ಡಾನ್ಸ್, ನೋ ಒನ್ಸ್ ವಾಚಿಂಗ್’ (2024) ಒಂದು ರಾತ್ರಿಯ ಕುಣಿತದ ಕಥೆಯಂತೆ ಹೆಣೆದುಕೊಂಡಿದೆ. ಅದನ್ನು ಆ್ಯಬಿ ರೋಡ್ ಸ್ಟುಡಿಯೊದಲ್ಲಿ ಮುದ್ರಿಸುವಾಗ ಬಂಧುಮಿತ್ರರನ್ನು ಎದುರಿಗೆ ಕೂರಿಸಿಕೊಂಡಿದ್ದರು. ಪಶ್ಚಿಮ ಆಫ್ರಿಕದ ಆಫ್ರೊಬೀಟ್, ಕೆರಿಬಿಯನ್ನಿನ ಡಬ್, ಲ್ಯಾಟಿನ್ ಲಯಗಳು ಇವೆಲ್ಲ ಅವರ ಕೈಯಲ್ಲಿ ಒಂದೇ ಓಟದಲ್ಲಿ ಬರುತ್ತವೆ. ಜಾಜ್ ಎಂದರೆ ಹೆದರುವ ಗೆಳೆಯರಿಗೆ ಕೊಡಲು ಇದಕ್ಕಿಂತ ಒಳ್ಳೆಯ ಆಲ್ಬಂ ನನಗೆ ಗೊತ್ತಿಲ್ಲ. ಒಂದು ಆಕ್ಷೇಪವಿದೆ: ಇಡೀ ಆಲ್ಬಂ ನಗುತ್ತಲೇ ಇರುತ್ತದೆ. ಬೇಸರದ ದಿನ ಅದನ್ನು ಹಾಕಿದರೆ ಮದುವೆಮನೆಯಲ್ಲಿ ತಲೆನೋವು ಬಂದಂತಾಗುತ್ತದೆ. 2022ರದ್ದರಲ್ಲಿ ನೆರಳು ಬೆಳಕು ಎರಡೂ ಇವೆ, ನುಡಿಸಾಣಿಕೆಗೂ ಹೆಚ್ಚು ಅವಕಾಶವಿದೆ. ಒಂದನ್ನೇ ಆರಿಸಬೇಕಾದರೆ ಅದನ್ನೇ ಆರಿಸುವುದು ಮೇಲು.

ಯುಸೆಫ್ ಡೇಯ್ಸ್ ಅವರ ‘ಬ್ಲ್ಯಾಕ್ ಕ್ಲಾಸಿಕಲ್ ಮ್ಯೂಸಿಕ್’ (2023) ಡ್ರಮ್ ವಾದಕರೊಬ್ಬರ ಆಲ್ಬಂ ಎಂಬುದನ್ನು ಮರೆಯಬಾರದು. ಹಾಡುಗಳು, ಅತಿಥಿ ಗಾಯಕರು, ತಂತಿವಾದ್ಯಗಳು ಎಲ್ಲ ಇದ್ದರೂ ಕಿವಿ ಓಡುವುದು ಡ್ರಮ್ಮಿನ ಕಡೆಗೇ. ಬೇಸ್ ನುಡಿಸಿರುವವರು ರಾಕೊ ಪಲಾಡಿನೊ. ಅವರ ತಂದೆ ಪೀನೊ ಪಲಾಡಿನೊ ಕೂಡ ಹೆಸರಾಂತ ಬೇಸ್ ವಾದಕ. ತನಿ ಆವರ್ತನ ಬಂದಾಗ ಕುರ್ಚಿಯಿಂದ ಎದ್ದು ಹೋಗದೆ ಮುಂದಕ್ಕೆ ಬಾಗಿ ಕೂರುವ ಜಾತಿಯ ಕೇಳುಗರಿಗೆ ಇದು ಹೇಳಿ ಮಾಡಿಸಿದ್ದು. ಉದ್ದ ಸ್ವಲ್ಪ ಹೆಚ್ಚಾಯಿತು. ಹತ್ತೊಂಬತ್ತು ಕೃತಿಗಳಲ್ಲಿ ನಾಲ್ಕೈದನ್ನು ಬಿಟ್ಟಿದ್ದರೆ ನಷ್ಟವಿರಲಿಲ್ಲ. ಡೇಯ್ಸ್ ಅವರು ಕಮಾಲ್ ವಿಲಿಯಮ್ಸ್ ಜೊತೆಗೂಡಿ ಮಾಡಿದ 2016ರ ‘ಬ್ಲ್ಯಾಕ್ ಫೋಕಸ್’ ಇದಕ್ಕಿಂತ ಚಿಕ್ಕದು, ಬಿಗಿಯಾದದ್ದು, ಮತ್ತು ಈ ಇಡೀ ಅಲೆಗೆ ಮುನ್ನುಡಿಯಂಥದ್ದು.

ನುಬಾಯಾ ಗಾರ್ಸಿಯಾ ಅವರ ‘ಒಡಿಸ್ಸಿ’ (2024) ಇವೆರಡಕ್ಕಿಂತ ಗಂಭೀರ. ಟೆನರ್ ಸ್ಯಾಕ್ಸೊಫೋನ್ ವಾದಕಿಯಾದ ಅವರು ಇಲ್ಲಿ ಚಿನೆಕೆ! ಆರ್ಕೆಸ್ಟ್ರಾದ ತಂತಿವಾದ್ಯಗಳಿಗಾಗಿ ತಾವೇ ಸಂಯೋಜಿಸಿದ್ದಾರೆ. ಮೊದಲ ಕೇಳುವಿಕೆಯಲ್ಲಿ ತಂತಿವಾದ್ಯಗಳೇ ಎದ್ದು ಕಾಣುತ್ತವೆ. ಮೂರನೆಯ ಸಲಕ್ಕೆ ಅವುಗಳ ಹಿಂದೆ ಡೇನಿಯಲ್ ಕ್ಯಾಸಿಮಿರ್ ಅವರ ಬೇಸ್ ಎಷ್ಟು ಭಾರ ಹೊತ್ತಿದೆ ಎಂಬುದು ಅರಿವಾಗುತ್ತದೆ. ಆದರೆ ಅವರ 2020ರ ‘ಸೋರ್ಸ್’ ಆಲ್ಬಮ್ಮಿನಲ್ಲಿ ಡಬ್ ಲಯದ ಮೇಲೆ ಸ್ಯಾಕ್ಸೊಫೋನ್ ನಿಧಾನವಾಗಿ ಹತ್ತುವ ರೀತಿಗೆ ಇರುವ ಬಿಸಿ ಇಲ್ಲಿ ಕೆಲವೊಮ್ಮೆ ಆರುತ್ತದೆ. ಗ್ರೂವ್ ಹುಡುಕಿಕೊಂಡು ಬಂದವರು ‘ಸೋರ್ಸ್’ ಕೇಳಲಿ. ಸಂಯೋಜನೆಯಲ್ಲಿ ಆಸಕ್ತಿ ಇರುವವರು ‘ಒಡಿಸ್ಸಿ’ ಕೇಳಲಿ.

ನಿಧಾನದವರು

ಈ ಹಂತದಲ್ಲಿ ರೆಟ್ರೊ ಎಂಬ ಪದ ಕೈಬಿಡುತ್ತದೆ, ಗ್ರೂವ್ ಎಂಬುದರ ಅರ್ಥವೂ ಬದಲಾಗುತ್ತದೆ. ನಾಲಾ ಸಿನೆಫ್ರೊ ಅವರ ‘ಎಂಡ್‌ಲೆಸ್‌ನೆಸ್’ (2024) ಮುಕ್ಕಾಲು ಗಂಟೆಯ ಆಲ್ಬಂ; ಅದರ ಹತ್ತು ಭಾಗಗಳಿಗೂ ಒಂದೇ ಹೆಸರು, ಸಂಖ್ಯೆ ಮಾತ್ರ ಬೇರೆ. ಹಾರ್ಪ್ (ಬೆರಳುಗಳಿಂದ ಮೀಟುವ ದೊಡ್ಡ ತಂತಿವಾದ್ಯ) ಮತ್ತು ಸಿಂಥಸೈಜರ್ ನುಡಿಸುವ ಅವರು ಏರಿಳಿಯುವ ಒಂದು ಸ್ವರಮಾಲೆಯನ್ನು ಆಲ್ಬಮ್ಮಿನುದ್ದಕ್ಕೂ ಹರಿಯಬಿಟ್ಟು, ಅದರ ಮೇಲೆ ಸ್ಯಾಕ್ಸೊಫೋನು, ತಂತಿವಾದ್ಯ, ಡ್ರಮ್ಮುಗಳು ಬಂದುಹೋಗುವಂತೆ ಮಾಡಿದ್ದಾರೆ. ಇಲ್ಲಿ ಆ ಸ್ವರಮಾಲೆ ಮಾಡುವ ಕೆಲಸ ತಬಲಾ ಸೋಲೊ ನಡೆಯುವಾಗ ಒಂದೇ ಸಾಲನ್ನು ಸುತ್ತುವ ಹಾರ್ಮೋನಿಯಮ್ಮಿನ ಲೆಹರಾ ಮಾಡುವ ಕೆಲಸವೇ. ನಾವು ಲೆಹರಾವನ್ನು ಕೇಳುವುದಿಲ್ಲ, ಆದರೆ ಅದು ನಿಂತರೆ ಕೂಡಲೇ ತಲೆ ಎತ್ತುತ್ತೇವೆ. ಧಾರವಾಡದ ಕಡೆ ರಾತ್ರಿಯಿಡೀ ಕಚೇರಿ ಕೇಳಿದ ಹಿರಿಯರಿಗೆ ಈ ಆಲ್ಬಂ ಕೊಟ್ಟರೆ ಯುವಕರಿಗಿಂತ ಬೇಗ ಅವರೇ ಒಳಗೆ ಹೋಗುತ್ತಾರೆಂದು ನನ್ನ ಅಂದಾಜು.

ಶಬಾಕಾ ಹಚಿಂಗ್ಸ್ ಅವರದು ಬೇರೆಯೇ ಕಥೆ. ಸ್ಯಾಕ್ಸೊಫೋನಿನ ಆರ್ಭಟಕ್ಕೆ ಹೆಸರಾಗಿದ್ದ ಅವರು 2023ರ ಕೊನೆಗೆ ಅದನ್ನು ಬದಿಗಿಟ್ಟು ಕೊಳಲುಗಳತ್ತ ತಿರುಗಿದರು. 2024ರ ‘ಪರ್ಸೀವ್ ಇಟ್ಸ್ ಬ್ಯೂಟಿ, ಅಕ್‌ನಾಲೆಜ್ ಇಟ್ಸ್ ಗ್ರೇಸ್’ ಆಲ್ಬಮ್ಮನ್ನು ನ್ಯೂಜೆರ್ಸಿಯ ವ್ಯಾನ್ ಗೆಲ್ಡರ್ ಸ್ಟುಡಿಯೊದಲ್ಲಿ, ಅಂದರೆ ಹೆಸರಾಂತ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ 1960ರ ದಶಕದಲ್ಲಿ ತಮ್ಮ ಮೇರುಕೃತಿಗಳನ್ನು ಮುದ್ರಿಸಿದ ಅದೇ ಮರದ ಚಾವಣಿಯ ಕೆಳಗೆ, ಹೆಡ್‌ಫೋನ್‌ಗಳಿಲ್ಲದೆ ಎಲ್ಲರೂ ಒಂದೇ ಕಡೆ ಕುಳಿತು ಮುದ್ರಿಸಿದರು. ಬಿದಿರಿನೊಳಗೆ ಉಸಿರು ಸೇರುವ ಸದ್ದು ಸ್ವರಕ್ಕಿಂತ ಮೊದಲು ಕಿವಿಗೆ ಬರುತ್ತದೆ. ಲಯ ಬೇಕೆನ್ನುವವರು ಇದನ್ನು ಮುಟ್ಟಬಾರದು. ಹಾರ್ಪಿನಲ್ಲೂ ಲಯ ಬೇಕೆನ್ನುವವರು ಬ್ರ್ಯಾಂಡಿ ಯಂಗರ್ ಅವರ ‘ಗ್ಯಾಡಬೌಟ್ ಸೀಸನ್’ (2025) ಕೇಳಬಹುದು; ಅದರಲ್ಲಿ ನುಡಿಸಿರುವುದು ಜಾನ್ ಅವರ ಪತ್ನಿ ಆಲಿಸ್ ಕೋಲ್ಟ್ರೇನ್ ಬಳಸುತ್ತಿದ್ದ, ಈಗ ದುರಸ್ತಿಗೊಂಡ ಹಾರ್ಪ್ ವಾದ್ಯ. ಆ ವಾದ್ಯವನ್ನು ಜಾನ್ ಕೋಲ್ಟ್ರೇನ್ ತರಿಸಲು ಹೇಳಿದ್ದರು. ಅದು ಮನೆಗೆ ಬಂದು ತಲುಪುವ ಮೊದಲೇ, 1967ರಲ್ಲಿ, ಅವರು ತೀರಿಕೊಂಡಿದ್ದರು.

ನಿಧಾನದವರಲ್ಲಿ ನನ್ನ ಮೊದಲ ಆಯ್ಕೆ ಮಾತ್ರ ಗಿಟಾರ್ ವಾದಕ ಜೆಫ್ ಪಾರ್ಕರ್ ಅವರ ‘ದ ವೇ ಔಟ್ ಆಫ್ ಈಸಿ’ (2024). ಲಾಸ್ ಏಂಜಲೀಸಿನ ಹೈಲ್ಯಾಂಡ್ ಪಾರ್ಕಿನ ಒಂದು ಸಣ್ಣ ಪಾನಗೃಹದಲ್ಲಿ ಪಾರ್ಕರ್ 2016ರಿಂದ ಸೋಮವಾರಗಳಂದು ನುಡಿಸುತ್ತಿದ್ದರು. ಜೊತೆಗೆ ಸ್ಯಾಕ್ಸೊಫೋನಿನಲ್ಲಿ ಜೋಷ್ ಜಾನ್ಸನ್, ಬೇಸ್‌ನಲ್ಲಿ ಆ್ಯನಾ ಬಟರ್ಸ್, ಡ್ರಮ್ಮಿನಲ್ಲಿ ಜೇ ಬೆಲ್ಲರೋಸ್. 2023ರ ಜನವರಿ 2ರ ಸೋಮವಾರ ಅಲ್ಲಿ ನುಡಿಸಿದ್ದೇ ಈ ಆಲ್ಬಂ. ಅದೇ ವರ್ಷದ ಕೊನೆಗೆ ಆ ಪಾನಗೃಹ ಮುಚ್ಚಿತು. ನಾಲ್ಕೇ ಕೃತಿಗಳು, ಮೊದಲನೆಯದೇ ಇಪ್ಪತ್ತು ನಿಮಿಷ ಮೀರುತ್ತದೆ. ಬೇಸ್ ಒಂದು ಸಾಲನ್ನು ಹಿಡಿದು ಕೂರುತ್ತದೆ. ಡ್ರಮ್ ಅದರ ಸುತ್ತ ಓಡಾಡುತ್ತದೆ. ಗಿಟಾರ್ ಎರಡು ಸ್ವರ ಹೇಳಿ ಸುಮ್ಮನಾಗುತ್ತದೆ, ಮತ್ತೆ ಅದೇ ಎರಡರಲ್ಲಿ ಒಂದನ್ನು ಬದಲಿಸಿ ಹೇಳುತ್ತದೆ. ಪಲ್ಲವಿಯ ಒಂದೇ ಸಾಲನ್ನು ಸುತ್ತಿ ಸುತ್ತಿ ಬೆಳೆಸುವ ಒಳ್ಳೆಯ ಗಾಯಕರನ್ನು ಕೇಳಿದವರಿಗೆ ಈ ತಾಳ್ಮೆಯ ರುಚಿ ಗೊತ್ತು. ಹನ್ನೆರಡನೆಯ ನಿಮಿಷದ ಹೊತ್ತಿಗೆ ಯಾವಾಗ ಏನು ಬದಲಾಯಿತೆಂದು ತಿಳಿಯದೆ ನೀವು ಬೇರೊಂದು ಜಾಗದಲ್ಲಿರುತ್ತೀರಿ. ಇಲ್ಲಿ ಹಳತನ್ನು ತೋರಿಸುವ ಯಾವ ಪ್ರಯತ್ನವೂ ಇಲ್ಲ, ಆದರೆ ಸದ್ದು ಡ್ಯಾಪ್ಟೋನಿನವರು ಬೆವರು ಸುರಿಸಿ ಕಟ್ಟುವ ಕೋಣೆಯಷ್ಟೇ ನಿಜವಾಗಿದೆ, ಏಕೆಂದರೆ ಅದು ನಿಜವಾದ ಕೋಣೆ, ಎದುರಿಗೆ ಕುಳಿತವರೂ ನಿಜವಾದ ಜನ.

ಸ್ಯಾಕ್ಸೊಫೋನ್ ವಾದಕ ಕಮಾಸಿ ವಾಷಿಂಗ್ಟನ್ ಹೆಸರು ಇದುವರೆಗೆ ಬರಲಿಲ್ಲವೆಂದು ಕೆಲವರು ಮುನಿಸಿಕೊಳ್ಳಬಹುದು. 2015ರಲ್ಲಿ ಬಂದ ಅವರ ‘ದ ಎಪಿಕ್’ ಮೂರು ಡಿಸ್ಕುಗಳ, ಸುಮಾರು ಮೂರು ಗಂಟೆಯ ಆಲ್ಬಂ. ಹೊಸ ಪೀಳಿಗೆಯನ್ನು ಜಾಜ್ ಕಡೆಗೆ ಎಳೆದ ಕೀರ್ತಿ ಅದಕ್ಕೆ ಸಲ್ಲಬೇಕು. 2024ರ ‘ಫಿಯರ್‌ಲೆಸ್ ಮೂವ್‌ಮೆಂಟ್’ ಕುಣಿತವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು ಎಂದು ಅವರೇ ಹೇಳಿದ್ದಾರೆ. ಎರಡನ್ನೂ ಇಡಿಯಾಗಿ ಕೂತು ಕೇಳಲು ನನಗೆ ಬಿಡುವು ಸಿಕ್ಕಿದ್ದು ಕಡಿಮೆ. ಬಿಡುವಿದ್ದವರು ಹೊಸದರಿಂದ ಆರಂಭಿಸಲಿ. ಏಡ್ರಿಯನ್ ಯಂಗ್ ಮತ್ತು ಅಲಿ ಶಹೀದ್ ಮುಹಮ್ಮದ್ 2020ರಿಂದ ಹೊರತರುತ್ತಿರುವ ‘ಜಾಜ್ ಈಸ್ ಡೆಡ್’ ಸರಣಿಯದು ಇನ್ನೊಂದು ದಾರಿ: ರಾಯ್ ಏಯರ್ಸ್, ಮಾರ್ಕೋಸ್ ವಾಲೆ, ಟೋನಿ ಆ್ಯಲನ್‌ರಂಥ ಹಿರಿಯರನ್ನೇ ಕರೆಸಿ, ಅವರ ಯೌವನದ ಕಾಲದ ಸಲಕರಣೆಗಳಲ್ಲಿ ಹೊಸ ಆಲ್ಬಂ ಮುದ್ರಿಸುವುದು. ಆಶಯ ದೊಡ್ಡದು. ಫಲ ಏರುಪೇರಾಗಿದೆ, ಕೆಲವು ಆಲ್ಬಂಗಳಲ್ಲಿ ಹಿರಿಯರು ತಮ್ಮದೇ ಮನೆಗೆ ಅತಿಥಿಗಳಾಗಿ ಬಂದಂತೆ ಕೇಳಿಸುತ್ತಾರೆ. 2025ರಲ್ಲಿ ತೀರಿಕೊಂಡ ಏಯರ್ಸ್ ಅವರ ಭಾಗ ಮಾತ್ರ ಕೇಳಲೇಬೇಕಾದದ್ದು.

ಬೆಂಗಳೂರಿನ ಎರಡು ಕೊಂಡಿಗಳು

ಈ ವಿಷಯದಲ್ಲಿ ಕರ್ನಾಟಕಕ್ಕೆ ನಿಜವಾದ ಪಾಲಿದೆ. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮೇರಿಯಾನೊ ಜೊತೆಗೂಡಿ ಮಾಡಿದ ‘ಜ್ಯೋತಿ’ 1983ರಲ್ಲಿ ಜರ್ಮನಿಯ ಇ.ಸಿ.ಎಂ. ಸಂಸ್ಥೆಯಿಂದ ಹೊರಬಂತು. ಆರ್.ಎ. ರಮಾಮಣಿ ಅವರ ಗಾಯನ, ಮೃದಂಗ, ಘಟ, ಖಂಜಿರ, ಕೊನ್ನಕ್ಕೋಲು (ಬಾಯಲ್ಲಿ ಹೇಳುವ ಲಯದ ಜತಿಗಳು) ಮತ್ತು ಒಂದು ಸ್ಯಾಕ್ಸೊಫೋನ್: ಮುಖ್ಯವಾಗಿ ಇಷ್ಟೇ. ಡ್ರಮ್ಮಿಲ್ಲ, ಬೇಸಿಲ್ಲ. ಆದರೂ ಕೊನ್ನಕ್ಕೋಲು ಎದ್ದಾಗ ಅಲ್ಲಿ ಹುಟ್ಟುವ ನಡೆಗೆ ಗ್ರೂವ್ ಅಲ್ಲದೆ ಬೇರೆ ಹೆಸರಿಲ್ಲ. ಅದರ ಪಕ್ಕದಲ್ಲಿಟ್ಟು ಕೇಳಬೇಕಾದದ್ದು ಬೆಂಗಳೂರಿನವರೇ ಆದ ವಾರಿಜಶ್ರೀ ವೇಣುಗೋಪಾಲ್ ಅವರ ‘ವಾರಿ’ (2024). ಸ್ನಾರ್ಕಿ ಪಪ್ಪಿ ತಂಡದ ಮೈಕಲ್ ಲೀಗ್ ನಿರ್ಮಿಸಿದ ಈ ಆಲ್ಬಮ್ಮಿನಲ್ಲಿ ಕನ್ನಡದ ಪದಗಳೂ ಕೇಳಿಬರುತ್ತವೆ. ಜಾಜ್‌ನ ಕಠಿಣ ಸ್ವರಪಂಕ್ತಿಗಳನ್ನು ಸ್ವರಾಕ್ಷರಗಳಲ್ಲಿ ಹಾಡಿ ತೋರಿಸಿ ಹೆಸರಾದ ವಾರಿಜಶ್ರೀ ಇಲ್ಲಿ ಆ ಕಸರತ್ತನ್ನು ಬಹಳಮಟ್ಟಿಗೆ ಬದಿಗಿಟ್ಟಿದ್ದಾರೆ. ನುಣುಪಾದ, ಪದರಪದರವಾದ ಸದ್ದು ಬೇಕಾದವರಿಗೆ ‘ವಾರಿ’. ಒಣಗಿದ ಚರ್ಮದ, ಮಡಕೆಯ, ಬಾಯಿಯ ಸದ್ದೇ ಸಾಕೆನ್ನುವವರಿಗೆ ‘ಜ್ಯೋತಿ’. ಎರಡನೆಯದು ಹೊಸದಲ್ಲ, ಆದರೆ ಕೇಳದವರಿಗೆ ಹೊಸದೇ.

ಕೊಳ್ಳುವ ವಿಚಾರ ಒಂದೆರಡು ಮಾತಿನಲ್ಲಿ ಮುಗಿಯುತ್ತದೆ. ಆಮದಾದ ಎಲ್‌ಪಿಗಳ, ಅಂದರೆ ಗ್ರಾಮಫೋನ್ ತಟ್ಟೆಗಳ, ಬೆಲೆ ನಮ್ಮಲ್ಲಿ ಜೇಬಿಗೆ ಭಾರವೇ. ಆನ್‌ಲೈನಿನಲ್ಲಿ ತರಿಸಿದ ಒಂದು ಎಲ್‌ಪಿ ಅಂಚು ಬಾಗಿ ಬಂದು, ಸೂಜಿ ಪ್ರತಿ ಸುತ್ತಿಗೂ ಅಲೆಯ ಮೇಲಿನ ದೋಣಿಯಂತೆ ಏರಿಳಿದದ್ದನ್ನು ನೋಡಿದ ಮೇಲೆ ನಾನು ಮೊದಲು ಡಿಜಿಟಲ್ ಪ್ರತಿ ಕೊಂಡು ಒಂದು ತಿಂಗಳು ಕೇಳಿ, ಆಮೇಲೂ ಆಸೆ ಉಳಿದರೆ ಮಾತ್ರ ಎಲ್‌ಪಿಗೆ ಹಣ ಹಾಕುತ್ತೇನೆ. ಆ ಒಂದು ತಿಂಗಳಲ್ಲಿ ‘ಮಹಲ್’ ಉದುರಿಹೋಯಿತು, ‘ಯೇಟಿ ಸೀಸನ್’ ಉಳಿಯಿತು. ಡೇಯ್ಸ್ ಅವರದು ಇನ್ನೂ ತೂಗಾಡುತ್ತಿದೆ. ಪಾರ್ಕರ್ ಅವರದಕ್ಕೆ ತಿಂಗಳು ಕಾಯಲಿಲ್ಲ. ಮೊದಲ ಕೃತಿ ಮುಗಿದು ಕೇಳುಗರ ಚಪ್ಪಾಳೆ ಬಿದ್ದಾಗಲೇ, ಅವರೆಲ್ಲ ಅಷ್ಟು ಹೊತ್ತು ಅಷ್ಟೊಂದು ಮೌನವಾಗಿ ಕುಳಿತಿದ್ದರೆಂದು ಹೊಳೆದು, ಹೋಗಿ ಎಲ್‌ಪಿಗೆ ಹೇಳಿಬಿಟ್ಟೆ.